ಪೆನ್‌ಡ್ರೈವ್‌ನಲ್ಲಿ ಕೊಡಿ ಸ್ವಾಮಿ, ಗುಡ್ಡ ಹತ್ತಿಸಬೇಡಿ

ನಮ್ಮ ಪಕ್ಕದ ಮನೆ ಹುಡುಗಿ ಬಿಸಿಎ ಓದುತ್ತಾಳೆ. ಹೋದ ವಾರ ಸಂಜೆ ಲ್ಯಾಪ್‌ಟಾಪು, ಮೊಬೈಲು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಗುಡ್ಡ ಹತ್ತುತ್ತಿದ್ದಳು. ಎಲ್ಲಿಗೆ ಅಂತ ಕೇಳಿದೆ. "ಉಬುಂಟು ಡೌನ್‌ಲೋಡ್ ಮಾಡೋಕೆ ಅಣ್ಣ. ನಿನ್ನೆ ಮುಕ್ಕಾಲು ಬಂದು ನಿಂತೋಯ್ತು."

ಕಾಲೇಜಿನಲ್ಲಿ ಹೇಳಿದ್ದು ಇಷ್ಟೇ: ಮನೆಯಲ್ಲಿ ವರ್ಚುವಲ್ ಮಷಿನ್ ಹಾಕ್ಕೊಂಡು ಲಿನಕ್ಸ್ ಪ್ರಾಕ್ಟಿಕಲ್ ಮಾಡ್ಕೊಂಡು ಬನ್ನಿ.

ವರ್ಚುವಲ್ ಮಷಿನ್ ಅಂದರೆ ಇರುವ ಕಂಪ್ಯೂಟರಿನೊಳಗೇ ಸಾಫ್ಟ್‌ವೇರಿನಿಂದ ಕಟ್ಟುವ ಇನ್ನೊಂದು ಕಂಪ್ಯೂಟರು. ವಿಂಡೋಸ್ ಅಳಿಸದೆ ಅದರೊಳಗೆ ಲಿನಕ್ಸ್ ಓಡಿಸಬಹುದು, ಕೆಟ್ಟರೆ ಅಳಿಸಿ ಮತ್ತೆ ಕಟ್ಟಬಹುದು. ಕಲಿಯುವವರಿಗೆ ಬಹಳ ಒಳ್ಳೆಯದು. ನನ್ನ ತಕರಾರು ಅದರ ಮೇಲಲ್ಲ.

ಲೆಕ್ಕ ನೋಡಿ. ವರ್ಚುವಲ್‌ಬಾಕ್ಸ್ 200 ಎಂಬಿ ಸಹ ಇಲ್ಲ. ಆದರೆ ಅದರೊಳಗೆ ಹಾಕುವ ಉಬುಂಟು 24.04 ಸುಮಾರು 6 ಜಿಬಿ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡ ಮನೆಗೆ ಅದು ನಾಲ್ಕು ದಿನದ ಡೇಟಾ. ಅದೂ ಸಿಗ್ನಲ್ ಇದ್ದರೆ! 2021ರಲ್ಲಿ ನಮ್ಮ ಮಲೆನಾಡಿನ ಹಳ್ಳಿಗಳವರು 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಂತ ಹೋರಾಟ ಮಾಡಿದ್ದು ಪಾಠ ಮಾಡುವವರಿಗೆ ಗೊತ್ತಿಲ್ಲವೇ?

ಇಳಿಸಿದ ಮೇಲೂ ಮುಗಿಯುವುದಿಲ್ಲ. ಉಬುಂಟುವಿಗೆ 4 ಜಿಬಿ ರ‍್ಯಾಮ್ ಬೇಕು. ಅವಳ ಲ್ಯಾಪ್‌ಟಾಪಿನಲ್ಲಿ ಇರುವುದೇ 4, ವಿಂಡೋಸಿಗೂ ಅದರಲ್ಲೇ ಪಾಲು. ಇಷ್ಟರ ಜೊತೆಗೆ 'ವಿಟಿ-ಎಕ್ಸ್ ಡಿಸೇಬಲ್ಡ್' ಅಂತ ಎರರ್ ಬಂದರೆ ಹುಡುಗರು ಲ್ಯಾಪ್‌ಟಾಪೇ ಕೆಟ್ಟಿತು ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಆನ್ ಮಾಡುವಾಗ ಬಯಾಸ್‌ಗೆ ಹೋಗಿ ವರ್ಚುವಲೈಸೇಷನ್ ಎನೇಬಲ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇದನ್ನು ಕ್ಲಾಸಿನಲ್ಲಿ ತೋರಿಸಲು ಐದು ನಿಮಿಷ ಸಾಕು, ತೋರಿಸುವುದಿಲ್ಲ.

"ಲ್ಯಾಬ್ ಇದೆಯಲ್ಲ, ಸಂಜೆ ಕೂತು ಮಾಡಲಿ" ಅನ್ನುವವರು ನಮ್ಮೂರಿನ ಕೊನೆ ಬಸ್ಸಿನ ಟೈಮು ಕೇಳಿಕೊಂಡು ಮಾತಾಡಲಿ.

ಸಿಟ್ಟು ಬರುವುದು ಯಾಕೆಂದರೆ ಇದಕ್ಕೆ ಖರ್ಚೇ ಇಲ್ಲ. ವರ್ಚುವಲ್‌ಬಾಕ್ಸಿನ ಮೂಲ ಪ್ಯಾಕೇಜು ಜಿಪಿಎಲ್ ಲೈಸೆನ್ಸಿನದು, ಕಾಪಿ ಮಾಡಿ ಹಂಚಲು ಯಾರ ಅಪ್ಪಣೆಯೂ ಬೇಡ. ಡೆಬಿಯನ್, ಉಬುಂಟು ಕೂಡ ಹಾಗೇ. ವಿಎಂವೇರ್ ವರ್ಕ್‌ಸ್ಟೇಷನ್ ಸಹ 2024ರ ನವೆಂಬರಿನಿಂದ ಎಲ್ಲರಿಗೂ ಉಚಿತ, ಬ್ರಾಡ್‌ಕಾಮ್ ಸೈಟಿನಲ್ಲಿ ಅಕೌಂಟ್ ಮಾಡಿಕೊಳ್ಳಬೇಕು ಅಷ್ಟೆ. ಪೇಟೆಯಲ್ಲಿ ಯಾರಾದರೂ 'ಕ್ರ್ಯಾಕ್' ಹಾಕಿಕೊಡುತ್ತೇನೆ ಅಂತ ದುಡ್ಡು ಕೇಳಿದರೆ ಕೊಡಬೇಡಿ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಪದವಿ ಕಾಲೇಜುಗಳಿಗೆ ಸಿಲೆಬಸ್ ಬರುವುದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದ. ಸಿಲೆಬಸ್ ಕಳಿಸುವವರು ಅದಕ್ಕೆ ಬೇಕಾದ ಫೈಲುಗಳನ್ನೂ ಒಂದು ಹಾರ್ಡ್‌ಡಿಸ್ಕಿನಲ್ಲಿ ಪ್ರತಿ ಕಾಲೇಜಿಗೆ ಕಳಿಸಲಿ. ಬರೀ ಟರ್ಮಿನಲ್ ಇರುವ ಡೆಬಿಯನ್ 1 ಜಿಬಿ ರ‍್ಯಾಮಿನಲ್ಲೂ ಓಡುತ್ತದೆ. ಪ್ರಾಕ್ಟಿಕಲ್ಲಿನ ಕಮಾಂಡುಗಳಿಗೆ ಅಷ್ಟು ಸಾಕು. ಅದನ್ನು ಲ್ಯಾಬಿನಲ್ಲಿ ಒಂದು ಸಲ ಸಿದ್ಧಮಾಡಿ, ವರ್ಚುವಲ್‌ಬಾಕ್ಸಿನಲ್ಲಿ ಎಕ್ಸ್‌ಪೋರ್ಟ್ ಒತ್ತಿದರೆ ಒಂದೇ ಫೈಲು ಆಗುತ್ತದೆ. ಹುಡುಗರು ಮನೆಯಲ್ಲಿ ಇಂಪೋರ್ಟ್ ಮಾಡಿಕೊಂಡರೆ ಆಯ್ತು, ನೆಟ್ಟೇ ಬೇಡ.

ಮಕ್ಕಳು ಬಿಸಿಎ ಓದುತ್ತಿದ್ದರೆ ಈ ಸಲ ಕಾಲೇಜಿನ ಪೋಷಕರ ಸಭೆಗೆ ಹೋದಾಗ 16 ಜಿಬಿಯ ಒಂದು ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಹೋಗಿ, ಮೇಜಿನ ಮೇಲಿಟ್ಟು ಕೇಳಿ. ನಮ್ಮ ಹುಡುಗಿಗೆ ನಾನು ಪೇಟೆಯಲ್ಲಿ ಸ್ನೇಹಿತನ ಮನೆ ವೈಫೈನಲ್ಲಿ ಡೆಬಿಯನ್ ಇಳಿಸಿಕೊಂಡು ಬಂದು ಕೊಟ್ಟೆ. ಅವಳ ಕ್ಲಾಸಿನ ಉಳಿದವರು ಈಗ ಅವಳ ಮನೆಗೆ ಬಂದು ಕಾಪಿ ಮಾಡಿಕೊಂಡು ಹೋಗುತ್ತಿದ್ದಾರೆ.