ಈಗಿನವರು ದುಡಿಯುವುದಿಲ್ಲ ಎಂಬ ಮಾತು ಖರೆಯೇ?

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಮಗೆಲ್ಲ ಗೊತ್ತು. ನಮ್ಮೂರ ಗುಡಿ ಕಟ್ಟೆಯ ಮೇಲೆ ಕೂಡುವ ಹಿರಿಯರು ಈ ಗಾದೆ ಹೇಳಿ, ಅದರ ಬೆನ್ನಿಗೇ "ಈಗಿನ ಹುಡುಗ್ರಿಗೆ ಕೆಸರ ಬ್ಯಾಡ, ಬರೇ ಮೊಸರ ಬೇಕು" ಎನ್ನುತ್ತಾರೆ. ನಾನೂ ಇದು ಖರೆ ಎಂದೇ ತಿಳಿದಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಯಾಕೆ ಎಂದು ಈ ಗೋಡೆ ಪತ್ರಿಕೆಯಲ್ಲಿ ಬರೆದಿದ್ದೇನೆ.

ಮೊದಲು ಹಿರಿಯರ ಮಾತು ಹೇಳುತ್ತೇನೆ. ಅವರು ಕಷ್ಟಪಟ್ಟದ್ದು ಸುಳ್ಳಲ್ಲ. ನಮ್ಮ ಬೈಲಹೊಂಗಲ ಭಾಗದ್ದು ಎರಿ ಭೂಮಿ. ಮೊದಲು ಎತ್ತು ಹೂಡಿ ಕುಂಟಿ ಹೊಡೆಯುತ್ತಿದ್ದರು, ಕೂರಿಗಿಯಿಂದ ಬಿತ್ತುತ್ತಿದ್ದರು. ಸುಗ್ಗಿ ಬಂದಾಗ ಕಣ ಮಾಡಿ, ನಡುವೆ ಮೇಟಿ ನೆಟ್ಟು, ಜೋಳದ ತೆನೆಗಳ ಮೇಲೆ ಎತ್ತುಗಳನ್ನು ತಿರುಗಿಸಿ ಹಂತಿ ಹೊಡೆಯುತ್ತಿದ್ದರು. ನಿದ್ದಿ ಬರಬಾರದು ಅಂತ ರಾತ್ರಿ ಹಂತಿ ಪದ ಹಾಡುತ್ತಿದ್ದರು. ಈಗ ಟ್ರಾಕ್ಟರ್ ಐತಿ, ರಾಶಿ ಮಷೀನು ಐತಿ. ಹಲವು ದಿನದ ಕೆಲಸ ಕೆಲವೇ ತಾಸಿನಲ್ಲಿ ಮುಗಿಯುತ್ತದೆ. ಇದನ್ನು ನೋಡಿ ಹಿರಿಯರಿಗೆ ಈಗಿನವರು ಮೈಗಳ್ಳರು ಅನಿಸುತ್ತದೆ.

ನಮ್ಮ ಅಣ್ಣನಿಗೂ ಇದೇ ಹೆಸರು ಬಂದಿತ್ತು. ಅವನು ಕೆಲವು ದಿನ ಮುಂಜಾನೆ ಒಂಬತ್ತು ಗಂಟೆಯಾದರೂ ಮಲಗಿರುತ್ತಾನೆ. ಒಂದು ದಿನ ನಾನು ಹಾಲು ಹಾಕಿ ಬರುವಾಗ ಕಟ್ಟೆಯ ಮೇಲಿನವರೊಬ್ಬರು "ಏನಲೇ, ನಿಮ್ಮಣ್ಣ ಎದ್ದಾನೋ, ಇನ್ನೂ ಗೊರಕಿ ಹೊಡ್ಯಾಕತ್ತಾನೋ?" ಎಂದು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅಣ್ಣನಿಗೆ ಹೇಳಿದೆ. ಅವನು ಸಿಟ್ಟಾಗಲಿಲ್ಲ. "ಶನಿವಾರ ರಾತ್ರಿ ನನ್ನ ಕೂಡ ಬಾ" ಎಂದಷ್ಟೇ ಹೇಳಿದ.

ನಮ್ಮ ಕಬ್ಬಿಗೆ ಬೋರಿನ ನೀರು. ಮೋಟರಿಗೆ ತ್ರೀಫೇಸ್ ಕರೆಂಟು ಬೇಕು. ಅದು ಪಾಳಿಯ ಮೇಲೆ ಬರುತ್ತದೆ. ಆ ವಾರ ರಾತ್ರಿ ಪಾಳಿ ಇತ್ತು. ನಾವು ಬ್ಯಾಟರಿ, ಬಡಿಗಿ, ಸಲಿಕಿ ಹಿಡಿದುಕೊಂಡು ಹೋದೆವು. ಒಂದು ಸಾಲು ತುಂಬಿದ ಕೂಡಲೇ ಅದರ ಬಾಯಿ ಮುಚ್ಚಿ ಮುಂದಿನ ಸಾಲಿನ ಬಾಯಿ ತೆಗೆಯಬೇಕು. ಸ್ವಲ್ಪ ತಡವಾದರೆ ವಡ್ಡು ಒಡೆದು ನೀರು ಹರಿದು ಹೋಗುತ್ತದೆ. ನಡುವೆ ಎರಡು ಸಲ ಕರೆಂಟು ಹೋಯಿತು. ಕಬ್ಬಿನೊಳಗೆ ಏನೋ ಸರಿದಂತಾದರೆ ನನಗೆ ಹಾವು ಅಂತ ಅಂಜಿಕೆ. ಅಣ್ಣ ಮೊಣಕಾಲತನಕ ಕೆಸರಿನಲ್ಲಿ ನಿಂತಿದ್ದ. ಗಾದೆಯಲ್ಲಿ ಹೇಳಿದ ಕೆಸರು ಇದೇ ಅಲ್ಲವೇ? ಮನೆಗೆ ಬಂದಾಗ ಐದು ಗಂಟೆಯಾಗಿತ್ತು. ಆ ದಿನ ನಾನೂ ಒಂಬತ್ತರ ತನಕ ಮಲಗಿದೆ.

ಎದ್ದ ಮೇಲೆ ಇದನ್ನೆಲ್ಲ ನಮ್ಮ ಅಜ್ಜನಿಗೆ ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಪಾ, ಹಂತಿ ಹೊಡದ ಮರುದಿನ ನಾವೂ ಹೊತ್ತೇರೂತನಕ ಮಲಗಿರತಿದ್ವಿ. ಆವಾಗ ಯಾರೂ ನಗತಿದ್ದಿಲ್ಲ. ಯಾಕಂದ್ರ ಎಲ್ಲಾರೂ ಕಣದಾಗ ಕೂಡೇ ಇರತಿದ್ರು" ಎಂದ. ನನಗೆ ಆಗ ತಿಳಿಯಿತು. ಮೊದಲಿನ ದುಡಿಮೆ ಊರಿಗೆಲ್ಲ ಕಾಣುತ್ತಿತ್ತು. ಈಗಿನ ದುಡಿಮೆ ಕಟ್ಟೆಗೆ ಕಾಣುವುದಿಲ್ಲ. ಗೋವಾಕ್ಕೆ, ಪುಣೆಗೆ ದುಡಿಯಲು ಹೋದವರದಂತೂ ಯಾರಿಗೂ ಕಾಣುವುದಿಲ್ಲ.

ಈ ಮಾತು ನಮ್ಮೂರಿನಲ್ಲಿ ಮಾತ್ರ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಎನ್.ಆರ್. ನಾರಾಯಣಮೂರ್ತಿ ಅವರು ದೇಶದ ಯುವಕರು ವಾರಕ್ಕೆ 70 ತಾಸು ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಕಂಪನಿಯ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ತಾಸಿನ ಮಾತು ದೊಡ್ಡ ಸುದ್ದಿಯಾಯಿತು. 1948ರ ಕಾರ್ಖಾನೆ ಕಾಯ್ದೆಯಲ್ಲಿ ವಾರಕ್ಕೆ 48 ತಾಸು ಎಂದು ಇತ್ತು. ದೇಶ ಮುಂದೆ ಬರಲಿ ಎಂದು ದೊಡ್ಡವರು ಹೇಳಿರಬಹುದು. ಆದರೆ ನಾನು ಒಂದು ಲೆಕ್ಕ ಮಾಡಿದೆ.

ನಮ್ಮ ಅವ್ವ ಐದಕ್ಕೆ ಎದ್ದು ಕಸ ಹೊಡೆದು, ಹಾಲು ಹಿಂಡಿ, ರೊಟ್ಟಿ ಬಡಿಯುವುದಕ್ಕೆ 3 ತಾಸು. ಹೊಲದಲ್ಲಿ ಕಳೆ ತೆಗೆಯುವುದು ಊಟದ ಹೊತ್ತು ಬಿಟ್ಟು 7 ತಾಸು 30 ನಿಮಿಷ. ಸಂಜೆ ಮತ್ತೆ 3 ತಾಸು. ದಿನಕ್ಕೆ 13 ತಾಸು 30 ನಿಮಿಷ. ಆರು ದಿನಕ್ಕೆ 81. ಹೊಲಕ್ಕೆ ಹೋಗದ ದಿನ ಮನೆಯ ಕೆಲಸ 6. ಒಟ್ಟು 87 ತಾಸು! ಇದನ್ನು ಅವ್ವನಿಗೆ ತೋರಿಸಿದಾಗ "ಇದೇನ ದುಡಿಮಿ? ಮನಿ ಕೆಲಸ ಅಲ್ಲೇನ ಇದು" ಎಂದು ನಕ್ಕಳು. ತಾಸು ಎಣಿಸುವವರು ಇದನ್ನು ಎಂದೂ ಎಣಿಸಿಲ್ಲ.

ಹಾಗಾದರೆ ಮೈಗಳ್ಳತನ ಇಲ್ಲವೇ ಇಲ್ಲವೇ? ಐತಿ. ಅದನ್ನೂ ಹೇಳಬೇಕು. ಶಾಲೆಯ ಸಸಿಗಳಿಗೆ ನೀರು ಹಾಕುವ ಪಾಳಿ ನಮ್ಮ ಗುಂಪಿಗೆ ಇತ್ತು. ಸರ್ ಮೀಟಿಂಗಿಗೆ ಹೋದ ದಿನ ನಾವು ಮುಂದಿನ ಸಾಲಿಗೆ ಅಷ್ಟೇ ನೀರು ಹಾಕಿ ಆಡಲು ಹೋದೆವು. ಹಿಂದಿನ ಸಾಲಿನ ಎರಡು ಸಸಿ ಒಣಗಿದವು. ಅವತ್ತು ನಾವು ನೀರು ಹಾಕಿದ್ದು ಸಸಿಗಳಿಗಲ್ಲ, ಸರ್ ಕಣ್ಣಿಗೆ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಶರಣರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕ ಮಾಡುತ್ತಿದ್ದರು. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಎಷ್ಟು ತಾಸು ದುಡಿದೆ ಎಂದು ಆಕೆ ಕೇಳಲಿಲ್ಲ. ಮಾಡಿದ್ದು ನ್ಯಾಯವೋ ಅಲ್ಲವೋ ಎಂದು ನೋಡಿದಳು.

ಆದ್ದರಿಂದ ನನ್ನ ಅಭಿಪ್ರಾಯ ಏನೆಂದರೆ, ದುಡಿಮೆ ಕಡಿಮೆಯಾಗಿಲ್ಲ, ದುಡಿಯುವ ಜಾಗ ಮತ್ತು ಹೊತ್ತು ಬದಲಾಗಿವೆ. ಒಬ್ಬರನ್ನು ಮೈಗಳ್ಳರು ಅನ್ನುವ ಮೊದಲು ಅವರು ರಾತ್ರಿ ಎಲ್ಲಿದ್ದರು ಎಂದು ಕೇಳಬೇಕು. ನಾವು ಹುಡುಗರು ಯಾರೂ ನೋಡದಿದ್ದರೂ ಹಿಂದಿನ ಸಾಲಿಗೂ ನೀರು ಹಾಕಬೇಕು. ಆ ಎರಡು ಸಸಿಗಳ ಜಾಗದಲ್ಲಿ ನಮ್ಮ ಗುಂಪು ಬೇವಿನ ಸಸಿ ಹಚ್ಚಿದೆ. ಬಂದು ನೋಡಿರಿ.

ನಾನು ಬರೆದದ್ದರಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು.

– 7ನೇ ಇಯತ್ತೆಯ ವಿದ್ಯಾರ್ಥಿ