ಹದಿನೇಳು ದಾಟಿದ ಮೇಲೆ ಆ ಹುಡುಗರು ಎಲ್ಲಿ ಆಡಬೇಕು?

2017ರ ಅಕ್ಟೋಬರ್ 9. ದೆಹಲಿಯ ಜವಾಹರಲಾಲ್ ನೆಹರು ಸ್ಟೇಡಿಯಂ. 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಕೊಲಂಬಿಯಾದ ಎದುರು ಭಾರತ ಒಂದು ಗೋಲಿನಿಂದ ಹಿಂದೆ ಬಿದ್ದಿತ್ತು. 82ನೇ ನಿಮಿಷದಲ್ಲಿ ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಕಾರ್ನರ್ ಒದೆದ. ಮಣಿಪುರದ ಜೀಕ್ಸನ್ ಸಿಂಗ್ ಎಲ್ಲರಿಗಿಂತ ಮೇಲೆ ಹಾರಿ ತಲೆ ಕೊಟ್ಟ. ಚೆಂಡು ಬಲೆಯೊಳಗೆ! ಫಿಫಾ ನಡೆಸುವ ವಿಶ್ವಕಪ್ ಒಂದರಲ್ಲಿ ಭಾರತ ಹೊಡೆದ ಮೊತ್ತಮೊದಲ ಗೋಲು ಅದು. ನಮ್ಮ ಹುಡುಗರು ಕುಣಿದು ಮುಗಿಸುವ ಮೊದಲೇ, ಮರುನಿಮಿಷದಲ್ಲಿ, ಕೊಲಂಬಿಯಾ ಇನ್ನೊಂದು ಗೋಲು ಹಾಕಿ 2–1ರಲ್ಲಿ ಪಂದ್ಯ ಒಯ್ದಿತು.

ಅಮೆರಿಕದ ಎದುರು 0–3, ಕೊಲಂಬಿಯಾದ ಎದುರು 1–2, ಘಾನಾದ ಎದುರು 0–4. ಆ ಕೂಟದಲ್ಲಿ ಭಾರತದ ಲೆಕ್ಕ ಇಷ್ಟೇ. ಜಾಗ ಸಿಕ್ಕಿದ್ದು ಕೂಡ ಗೆದ್ದು ಅಲ್ಲ, ಕೂಟ ನಮ್ಮ ದೇಶದಲ್ಲಿ ನಡೆದದ್ದರಿಂದ. "ಮೂರಕ್ಕೆ ಮೂರೂ ಸೋತರಲ್ಲ, ಇದಕ್ಕಾಗಿ ಇಷ್ಟು ಖರ್ಚಾ?" ಎಂದು ಆಗ ಕೇಳಿದವರು ನಮ್ಮ ಊರಿನಲ್ಲೂ ಇದ್ದರು. ಈಗಲೂ ಇದ್ದಾರೆ. ಅವರಿಗೆ ನಾವು ಹೇಳುವುದು ಒಂದೇ. ಕಿರಿಯರ ತಂಡದ ದಾಖಲೆಯನ್ನು ಅಂಕಪಟ್ಟಿಯ ಹಾಗೆ ಓದಬಾರದು. ಅವರು ಎಷ್ಟು ಕಪ್ ಗೆದ್ದರು ಎಂದು ಕೇಳುವ ಬದಲು, ಅವರಲ್ಲಿ ಎಷ್ಟು ಮಂದಿ 22ನೇ ವಯಸ್ಸಿನಲ್ಲೂ ಆಡುತ್ತಿದ್ದಾರೆ ಎಂದು ಕೇಳಬೇಕು.

ಹಳೆಯ ಲೆಕ್ಕ ನೋಡಿದರೆ ಭಾರತದ ಕಿರಿಯರು ಅಷ್ಟೇನೂ ಬಡವರಲ್ಲ. 1974ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಏಷ್ಯಾದ ಯುವ ಚಾಂಪಿಯನ್‌ಶಿಪ್‌ನ ಫೈನಲ್‌ನಲ್ಲಿ ಶಬ್ಬೀರ್ ಅಲಿ ನಾಯಕತ್ವದ ತಂಡ ಇರಾನ್ ಜೊತೆ 2–2 ಸಮ ಮಾಡಿ ಕಪ್ ಹಂಚಿಕೊಂಡಿತು. 2018ರಲ್ಲಿ ಗೋವಾದ ಬಿಬಿಯಾನೊ ಫೆರ್ನಾಂಡಿಸ್ ತರಬೇತಿ ಕೊಟ್ಟ 16 ವರ್ಷದೊಳಗಿನವರ ತಂಡ ಮಲೇಷ್ಯಾದಲ್ಲಿ ಏಷ್ಯಾದ ಕ್ವಾರ್ಟರ್ ಫೈನಲ್‌ವರೆಗೆ ಹೋಯಿತು. ವಿಯೆಟ್ನಾಂ ಮೇಲೆ ಗೆಲುವು. ಇಂಡೋನೇಷ್ಯಾ, ಇರಾನ್ ಎರಡರ ಜೊತೆಗೂ 0–0. ದಕ್ಷಿಣ ಕೊರಿಯಾದ ಎದುರು 0–1ರಲ್ಲಿ ಸೋತಿತು. ಆ ಒಂದು ಪಂದ್ಯ ಗೆದ್ದಿದ್ದರೆ ಯಾರ ದಯೆಯೂ ಇಲ್ಲದೆ ವಿಶ್ವಕಪ್‌ಗೆ ಹೋಗುತ್ತಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಸ್ಪೇನ್‌ನ ಕೋಟಿಫ್ ಕಪ್‌ನಲ್ಲಿ ನಮ್ಮ 20 ವರ್ಷದೊಳಗಿನವರು ಹತ್ತೇ ಜನ ಉಳಿದ ಮೇಲೂ ಅರ್ಜೆಂಟೀನಾವನ್ನು 2–1ರಿಂದ ಸೋಲಿಸಿದರು. ಆ ಅರ್ಜೆಂಟೀನಾ ತಂಡದ ಕೋಚ್ ಯಾರು ಗೊತ್ತೇ? ಲಿಯೊನೆಲ್ ಸ್ಕಲೋನಿ. ನಾಲ್ಕು ವರ್ಷ ಕಳೆದು ಮೆಸ್ಸಿಯ ಕೈಗೆ ವಿಶ್ವಕಪ್ ಬಂದಾಗ ಪಕ್ಕದಲ್ಲಿದ್ದವರೂ ಅವರೇ. (ಅರ್ಜೆಂಟೀನಾ ಜೆರ್ಸಿ ಹಾಕಿಕೊಂಡೇ ಕ್ಯಾಟೆಕಿಸಂ ತರಗತಿಗೆ ಬರುವ ನಮ್ಮ ತಮ್ಮಂದಿರಿಗೆ ಇದನ್ನು ಯಾರಾದರೂ ಹೇಳಿ.)

2023ರಲ್ಲಿ ಥಾಯ್ಲೆಂಡ್‌ನಲ್ಲಿ ಜಪಾನ್ ನಮಗೆ ಎಂಟು ಗೋಲು ಹೊಡೆಯಿತು, ನಿಜ. ಆದರೆ ಜಪಾನ್‌ಗೆ ನಾವೂ ನಾಲ್ಕು ಹೊಡೆದೆವು. 2025ರ ನವೆಂಬರ್ ಕೊನೆಯಲ್ಲಿ ಅಹಮದಾಬಾದ್‌ನಲ್ಲಿ ಇರಾನನ್ನೇ 2–1ರಿಂದ ಸೋಲಿಸಿ 17 ವರ್ಷದೊಳಗಿನವರು 2026ರ ಏಷ್ಯಾ ಕಪ್‌ಗೆ ಜಾಗ ಪಡೆದರು. ದಕ್ಷಿಣ ಏಷ್ಯಾದ ಕಪ್‌ಗಳಂತೂ ಸಾಲಾಗಿ ಬರುತ್ತಿವೆ.

ಹಾಗಾದರೆ ಹಿರಿಯರ ತಂಡ ಯಾಕೆ ಹೀಗೆ? ಹದಿನಾರರಲ್ಲಿ ಇರಾನ್ ಜೊತೆ ಸಮಸಮ ನಿಂತ ಹುಡುಗರು ಇಪ್ಪತ್ನಾಲ್ಕರಲ್ಲಿ ಯಾಕೆ ಹಿಂದೆ ಬೀಳುತ್ತಾರೆ?

ನಮ್ಮಲ್ಲಿ ಜೀವಶಾಸ್ತ್ರ ಓದಿದವರಿಗೆ ಉತ್ತರದ ಒಂದು ತುಂಡು ಗೊತ್ತಿರುತ್ತದೆ. ಮಣಿಕಟ್ಟಿನ ಹತ್ತಿರ ಮುಂಗೈ ಮೂಳೆಯ ತುದಿಯಲ್ಲಿ ಮೃದು ಎಲುಬಿನ ಒಂದು ಪದರ ಇರುತ್ತದೆ. ಬೆಳವಣಿಗೆ ನಡೆಯುವುದು ಅಲ್ಲಿ. ಬೆಳೆಯುವುದು ಮುಗಿದಾಗ ಆ ಪದರ ಗಟ್ಟಿ ಮೂಳೆಯಾಗಿ ಕೂಡಿಕೊಳ್ಳುತ್ತದೆ. ವಯಸ್ಸು ಮುಚ್ಚಿಟ್ಟು ಆಡುವವರನ್ನು ಹಿಡಿಯಲು ಫಿಫಾ 2009ರಿಂದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಮಣಿಕಟ್ಟಿನ ಎಂಆರ್‌ಐ ತೆಗೆಸುವುದು ಇದಕ್ಕೇ. ಆದರೆ ಮೋಸ ಮಾಡದವರಲ್ಲೂ ಈ ಪದರ ಒಬ್ಬೊಬ್ಬರಿಗೆ ಒಂದೊಂದು ಕಾಲಕ್ಕೆ ಮುಚ್ಚುತ್ತದೆ. ಹದಿನೈದಕ್ಕೇ ಗಂಡಸಿನಂತೆ ಬೆಳೆದವನು ಆಯ್ಕೆಯ ದಿನ ಎಲ್ಲರನ್ನೂ ತಳ್ಳಿಕೊಂಡು ಓಡುತ್ತಾನೆ. ತಡವಾಗಿ ಬೆಳೆಯುವವನು, ಕಾಲಿನಲ್ಲಿ ಎಷ್ಟೇ ಚಳಕ ಇದ್ದರೂ, ಬದಿಯಲ್ಲಿ ನಿಂತು ಬಾಟಲಿಗೆ ನೀರು ತುಂಬಿಸುತ್ತಾನೆ. ವಯಸ್ಸಿನ ಲೆಕ್ಕ ಜನವರಿ 1ರಿಂದ ಶುರುವಾಗುವುದರಿಂದ ಡಿಸೆಂಬರ್‌ನಲ್ಲಿ ಹುಟ್ಟಿದವನಿಗೆ ಇನ್ನೂ ಕಷ್ಟ: ಜೊತೆಗಾರ ಅವನಿಗಿಂತ ಹನ್ನೊಂದು ತಿಂಗಳು ದೊಡ್ಡವನು. ಕಪ್ ಮಾತ್ರ ಲೆಕ್ಕವಾದರೆ ಯಾವ ಕೋಚ್ ಆದರೂ ಬಲಶಾಲಿಯನ್ನೇ ಇಳಿಸುತ್ತಾನೆ. ಇಪ್ಪತ್ತಾಗುವಾಗ ಉಳಿದವರೂ ಬೆಳೆದು ಸಮನಾಗುತ್ತಾರೆ. ಆಗ ಅವನ ಬಲ ವಿಶೇಷವಲ್ಲ. ಚಳಕ ಇದ್ದವನೋ, ಅಷ್ಟರಲ್ಲಿ ಬೂಟು ಬಿಚ್ಚಿಟ್ಟು ಗಲ್ಫಿಗೆ ಹೋಗಿರುತ್ತಾನೆ.

ಉತ್ತರದ ದೊಡ್ಡ ತುಂಡು ಪಂದ್ಯಗಳದ್ದು. 2017ರ ಆ ತಂಡದ ಹುಡುಗರನ್ನು ವಿಶ್ವಕಪ್ ಮುಗಿದ ಕೂಡಲೇ ಚದುರಲು ಬಿಡದೆ 'ಇಂಡಿಯನ್ ಆ್ಯರೋಸ್' ಹೆಸರಿನಲ್ಲಿ ಐ-ಲೀಗ್‌ಗೆ ಇಳಿಸಿದರು. ಸೋತರೂ ಗೆದ್ದರೂ ಪ್ರತಿ ವಾರ ದೊಡ್ಡವರ ಜೊತೆ ಆಟ. ಜೀಕ್ಸನ್, ಸುರೇಶ್ ಸಿಂಗ್ ವಾಂಗ್ಜಮ್, ಅನ್ವರ್ ಅಲಿ ಮೂವರೂ ಹಿರಿಯರ ತಂಡಕ್ಕೆ ಬಂದದ್ದು ಆ ದಾರಿ ಹಿಡಿದು. ಅನ್ವರ್‌ಗೆ 2019ರಲ್ಲಿ ಹೃದಯದ ತೊಂದರೆ ಇದೆ ಎಂದು ಗೊತ್ತಾಗಿ ಆಟವೇ ನಿಂತಿತ್ತು. ಕೋರ್ಟ್ ಮೆಟ್ಟಿಲು ಹತ್ತಿ ಮರಳಿ ಬಂದ. ಕೊಲಂಬಿಯಾ ಎದುರು ಗೋಲುಕಂಬಕ್ಕೆ ಚೆಂಡು ಬಡಿದ ನಮ್ಮ ತ್ರಿಶ್ಶೂರಿನ ರಾಹುಲ್ ಕೆ.ಪಿ. 2023ರ ಏಷ್ಯನ್ ಗೇಮ್ಸ್‌ನಲ್ಲಿ ಚೀನಾಕ್ಕೆ ಗೋಲು ಹೊಡೆದ. ಇಷ್ಟು ಫಲ ಕೊಟ್ಟ ಆ್ಯರೋಸ್ ತಂಡವನ್ನು 2022ರಲ್ಲಿ ನಿಲ್ಲಿಸಿಬಿಟ್ಟರು. ಅದೇ ವರ್ಷ ಶುರುವಾದ ಡೆವಲಪ್‌ಮೆಂಟ್ ಲೀಗ್ ಒಳ್ಳೆಯದೇ. ಆದರೆ ತನ್ನ ವಯಸ್ಸಿನವರ ಜೊತೆ ಆಡುವುದಕ್ಕೂ ಮೂವತ್ತರ ಡಿಫೆಂಡರ್‌ನ ಮೊಣಕೈ ತಿನ್ನುವುದಕ್ಕೂ ವ್ಯತ್ಯಾಸ ಇದೆ.

ಜಪಾನ್ ನೋಡಿ. ಅಲ್ಲಿ ಹದಿನೆಂಟಕ್ಕೆ ಬಾಗಿಲು ಮುಚ್ಚುವುದಿಲ್ಲ. ಹೈಸ್ಕೂಲುಗಳ ರಾಷ್ಟ್ರೀಯ ಕೂಟಕ್ಕೆ ನೂರು ವರ್ಷದ ಇತಿಹಾಸ ಇದೆ, ಅದರ ನಂತರ ವಿಶ್ವವಿದ್ಯಾಲಯಗಳ ಆಟ. ಕಾವೊರು ಮಿತೋಮಾ ಕ್ಲಬ್ ಕರೆದಾಗ ಬೇಡ ಎಂದು ತ್ಸುಕುಬಾ ವಿಶ್ವವಿದ್ಯಾಲಯಕ್ಕೆ ಹೋದ, ಡ್ರಿಬ್ಲಿಂಗ್ ಬಗ್ಗೆಯೇ ಪ್ರಬಂಧ ಬರೆದು ಪದವಿ ತೆಗೆದುಕೊಂಡ, ಆಮೇಲೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ತಲುಪಿದ. "ಓದಾ, ಆಟವಾ, ಒಂದು ಹೇಳು" ಎಂದು ಮಕ್ಕಳನ್ನು ಕೇಳುವ ನಮ್ಮ ಅಪ್ಪ ಅಮ್ಮಂದಿರು ಈ ಹುಡುಗನ ಕತೆ ಒಮ್ಮೆ ಓದಬೇಕು.

ಹೆಣ್ಣುಮಕ್ಕಳ ವಿಚಾರ ಬೇರೆಯೇ ಲೇಖನ ಬೇಡುತ್ತದೆ. 2022ರ ವಿಶ್ವಕಪ್‌ನಲ್ಲಿ ಅಮೆರಿಕದ ಎದುರು 0–8 ಆದಾಗ ನಕ್ಕವರನ್ನು ನೋಡಿದ್ದೇವೆ. ನಕ್ಕವರ ವಾರ್ಡಿನಲ್ಲಿ ಹುಡುಗಿಯರು ಚೆಂಡು ಒದೆಯಲು ಒಂದು ಮೈದಾನ ಇದೆಯೇ ಎಂದು ಮಾತ್ರ ಇಲ್ಲಿ ಕೇಳಿ ಮುಂದೆ ಹೋಗುತ್ತೇವೆ.

ಇದೆಲ್ಲ ದೆಹಲಿಯವರು ನೋಡಿಕೊಳ್ಳುವ ವಿಷಯ, ಕಾಸರಗೋಡಿನ ಒಂದು ಧರ್ಮಕೇಂದ್ರದ ಯುವಜನರಿಗೆ ಯಾಕೆ ಎನ್ನಬಹುದು. ಆದರೆ ಮೊಗ್ರಾಲ್‌ನಿಂದ ತೃಕ್ಕರಿಪುರದವರೆಗೆ ಫುಟ್ಬಾಲ್ ಎಂದರೆ ಊಟ ಬಿಟ್ಟು ಬರುವ ಜನ ನಾವು. ಮಳೆ ನಿಂತು ಗದ್ದೆ ಒಣಗಿದರೆ ಸೆವೆನ್ಸ್ ಶುರು. ಗ್ಯಾಲರಿ ಕಟ್ಟುತ್ತೇವೆ, ಲೈಟು ಹಾಕುತ್ತೇವೆ, ಕಪ್ ಬೇಕೆಂದು ಹೊರಗಿನಿಂದ ದುಡ್ಡು ಕೊಟ್ಟು ಗೆಸ್ಟ್ ಆಟಗಾರರನ್ನು ತರಿಸುತ್ತೇವೆ. ನೋಡಲು ಸೊಗಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮದೇ ವಾರ್ಡಿನ ಹದಿನೈದರ ಹುಡುಗ ಆ ರಾತ್ರಿ ಏನು ಮಾಡುತ್ತಾನೆ? ಟಿಕೆಟ್ ಹರಿಯುತ್ತಾನೆ, ಹೊರಗೆ ಹೋದ ಚೆಂಡು ಹೆಕ್ಕುತ್ತಾನೆ. ವರ್ಷಕ್ಕೆ ಅವನಿಗೆ ಸಿಗುವ ನಿಜವಾದ ಪಂದ್ಯಗಳು ಬೆರಳೆಣಿಕೆಯಷ್ಟು. ದೇಶದ ಮಟ್ಟದಲ್ಲಿ ಆ್ಯರೋಸ್ ನಿಲ್ಲಿಸಿದವರನ್ನು ಬೈಯುವ ನಾವು ಇಗರ್ಜಿಯ ಹಿಂದಿನ ಮೈದಾನದಲ್ಲಿ ಅದನ್ನೇ ಮಾಡಿದರೆ ಹೇಗೆ?

ಈ ಸಲದ ಯುವಜನ ಸಭೆಯಲ್ಲಿ ನಾವು ಮೂರು ವಿಷಯ ಇಡುತ್ತೇವೆ. ನಮ್ಮ ಹಬ್ಬದ ಕಪ್‌ನಲ್ಲಿ ಪ್ರತಿ ತಂಡದ ಏಳು ಜನರಲ್ಲಿ ಇಬ್ಬರು ಊರಿನವರೇ ಆದ ಹದಿನೇಳರೊಳಗಿನವರು ಇರಬೇಕು, ಬೆಂಚಿನಲ್ಲಲ್ಲ, ಮೈದಾನದಲ್ಲಿ. ಒಬ್ಬ ಗೆಸ್ಟ್ ಆಟಗಾರನಿಗೆ ಕೊಡುವ ದುಡ್ಡನ್ನು ಉಳಿಸಿ ಅಕ್ಕಪಕ್ಕದ ಧರ್ಮಕೇಂದ್ರಗಳ ಕಿರಿಯರನ್ನು ಸೇರಿಸಿ ಭಾನುವಾರ ಪೂಜೆ ಮುಗಿದ ಮೇಲೆ ಒಂದು ಸಣ್ಣ ಲೀಗ್ ನಡೆಸಬೇಕು. ಯಾವ ಜಾತಿ ಧರ್ಮದ ಮಕ್ಕಳಾದರೂ ಬರಲಿ. ಡಿಸೆಂಬರ್‌ನಲ್ಲಿ ಹುಟ್ಟಿದವನನ್ನೂ ಕುಳ್ಳಗಿದ್ದವನನ್ನೂ ಎರಡು ವರ್ಷ ಯಾರೂ ತಂಡದಿಂದ ಬಿಡುವ ಹಾಗಿಲ್ಲ. ಒಪ್ಪದವರು ಸಭೆಗೆ ಬಂದು ಎದುರೇ ಹೇಳಿ. ಕಪ್ ಈ ವರ್ಷ ಬೇರೆ ಊರಿಗೆ ಹೋಗಬಹುದು, ಅದನ್ನು ಮೊದಲೇ ಹೇಳಿಬಿಡುತ್ತೇವೆ.