ಕೇಳಿದ್ದ ಸ್ವಾಮೀ, ಅವನು ಕೇಳಿದ್ದ!

ಎಷ್ಟೋ ತಿಂಗಳಿಂದ ಡ್ರಾಫ್ಟ್‌ನಲ್ಲೇ ಬಿದ್ದಿದ್ದ ಪೋಸ್ಟ್ ಇದು. ಪಬ್ಲಿಶ್ ಮಾಡೋಕೆ ಧೈರ್ಯ ಇರಲಿಲ್ಲ. ಯಾಕೆ ಅನ್ನೋದು ಓದ್ತಾ ಓದ್ತಾ ನಿಮಗೇ ಗೊತ್ತಾಗುತ್ತೆ.

ಕಳೆದ ಅಕ್ಟೋಬರ್ 10ಕ್ಕೆ, ವಿಶ್ವ ಮಾನಸಿಕ ಆರೋಗ್ಯ ದಿನ ಅಂತ ನಮ್ಮ ಕಾಲೇಜಿನಲ್ಲಿ ಒಂದು ಕಾರ್ಯಕ್ರಮ ಇತ್ತು. ಗಿಡಕ್ಕೆ ನೀರೆರೆದು ಉದ್ಘಾಟನೆ, ಶಾಲು, ಹಾರ, ನೆನಪಿನ ಕಾಣಿಕೆ ಎಲ್ಲ ಆಯ್ತು. ಆಮೇಲೆ ಮುಖ್ಯ ಅತಿಥಿಗಳು ಮೈಕ್ ಹಿಡಿದರು. "ಕರೋನಾ ಕಾಲದಲ್ಲಿ ಎಷ್ಟು ಜನ ವಿದ್ಯಾರ್ಥಿಗಳು ಒಳಗೊಳಗೇ ಕೊರಗಿದರು! ಒಬ್ಬರಾದರೂ ಬಾಯಿ ಬಿಟ್ಟು ಕೇಳಿದರಾ? ಸಹಾಯ ಕೇಳೋಕೆ ನಾಚಿಕೆ ಯಾಕೆ?" ಅಂದರು. ಜೋರು ಚಪ್ಪಾಳೆ. ನಾನೂ ತಟ್ಟಿದೆ, ಅಭ್ಯಾಸ ಬಲ.

ರಾತ್ರಿ ಊಟ ಸೇರಲಿಲ್ಲ. ಯಾಕಂದ್ರೆ ನನ್ನ ಹತ್ತಿರ ಒಬ್ಬ ಕೇಳಿದ್ದ.

ನಾನು ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ಅಂತ ಇಲ್ಲಿ ಬಂದು ಹೋಗೋರಿಗೆಲ್ಲ ಗೊತ್ತು. 2021ರ ಮೇ ತಿಂಗಳು, ಎರಡನೇ ಅಲೆ. ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು, ಹೆಸರು ಬರೆದ ಅರವತ್ತು ಕಪ್ಪು ಚೌಕಗಳಿಗೆ ಪಾಠ ಮಾಡ್ತಿದ್ದೆ. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ರಾತ್ರಿ ಒಂದೂವರೆಗೆ ಬಂದ ವಾಟ್ಸಾಪ್ ಮೆಸೇಜು. "ಸಾರ್, ಎರಡು ತಿಂಗಳಿಂದ ನಿದ್ದೆ ಬರ್ತಿಲ್ಲ. ಪುಸ್ತಕ ತೆಗೆದ್ರೆ ಕೈ ನಡುಗುತ್ತೆ. ಯಾರ ಹತ್ರ ಮಾತಾಡ್ಲಿ?" ತೀರ್ಥಹಳ್ಳಿ ಕಡೆಯ ಹುಡುಗ, ಮೂರನೇ ವರ್ಷ, ನನ್ನದೇ ಮೆಂಟರ್ ಬ್ಯಾಚು.

ನಾನು ಏನು ಮಾಡಿದೆ? "ಪಾಸಿಟಿವ್ ಆಗಿರು, ಎಲ್ಲ ಸರಿ ಹೋಗುತ್ತೆ" ಅಂತ ಬರೆದೆ. ಯಾವುದೋ ಗ್ರೂಪಿನಲ್ಲಿ ಬಂದಿದ್ದ ಸಹಾಯವಾಣಿ ನಂಬರು ಫಾರ್ವರ್ಡ್ ಮಾಡಿದೆ. ಒಂದು ಹೆಬ್ಬೆಟ್ಟು ಒತ್ತಿದೆ. ಒಂಬತ್ತು ಗಂಟೆ ಕ್ಲಾಸಿಗೆ ಹೋದೆ.

ಹೋದ ವರ್ಷ ಶಿವಮೊಗ್ಗ ಬಸ್ ಸ್ಟಾಂಡಿನಲ್ಲಿ ಅವನೇ ಸಿಕ್ಕ. ಒಂದು ವರ್ಷ ಹೋಯ್ತಂತೆ, ಆಮೇಲೆ ಹೇಗೋ ಡಿಗ್ರಿ ಮುಗಿಸಿದನಂತೆ. ಕಾಫಿ ಕುಡೀತಾ ನಾನೇ ಕೇಳಿದೆ, "ಅವತ್ತು ಆ ನಂಬರಿಗೆ ಫೋನ್ ಮಾಡಿದ್ಯೇನೋ?" ಅಂತ. ನಕ್ಕ. "ಎಲ್ಲಿ ನಿಂತು ಮಾಡ್ಲಿ ಸಾರ್? ಮನೇಲಿ ನೆಟ್‌ವರ್ಕ್ ಇಲ್ಲ. ಸಿಗ್ನಲ್ ಸಿಗೋದು ಗುಡ್ಡದ ಮೇಲೆ, ಅಲ್ಲಿ ಊರಿನ ಹುಡುಗರೆಲ್ಲ ಕ್ಲಾಸ್ ಕೇಳ್ತಾ ಕೂತಿರ್ತಿದ್ರು. ಅವರ ಮುಂದೆ ನಿಂತು, ನಂಗೆ ಬದುಕೋಕೆ ಬೇಜಾರಾಗಿದೆ ಅಂತ ಹೇಳ್ಲಾ?"

ಇದಕ್ಕೆ ಏನು ಉತ್ತರ ಕೊಡ್ತೀರಿ? ನನ್ನ ಹತ್ತಿರ ಇರಲಿಲ್ಲ.

ಹಾಗಾಗಿ ಈ ಪೋಸ್ಟಿನಲ್ಲಿ ನಾನು ಹೇಳಬೇಕಾದ್ದು ಒಂದೇ ಮಾತು. "ಹುಡುಗರು ಸಹಾಯ ಕೇಳಲಿಲ್ಲ" ಅನ್ನೋದು ದೊಡ್ಡವರಾದ ನಾವು ನಮ್ಮ ತಪ್ಪು ಮುಚ್ಚಿಕೊಳ್ಳೋಕೆ ಕಟ್ಟಿಕೊಂಡ ಕತೆ. ಕೇಳಿದವರು ಇದ್ದರು. ಕೇಳಿದರೆ ಕೊಡೋಕೆ ನಾವೇ ಏನೂ ಇಟ್ಟಿರಲಿಲ್ಲ.

ನಮ್ಮ ಕಾಲೇಜುಗಳಲ್ಲಿ ಮೆಂಟರ್ ಪದ್ಧತಿ ಇದೆಯಲ್ಲ ಅಂತೀರೇನೋ. ಇದೆ, ಚೆನ್ನಾಗೇ ಇದೆ. ಇಪ್ಪತ್ತು ಹುಡುಗರಿಗೆ ಒಬ್ಬ ಮೇಷ್ಟ್ರು, ಪ್ರತಿಯೊಬ್ಬರಿಗೂ ಒಂದು ಮೆಂಟರ್ ಪುಸ್ತಕ. ಅದರಲ್ಲಿ 'ಕೌನ್ಸೆಲಿಂಗ್' ಅಂತ ಒಂದು ಕಾಲಂ. ಅದರಲ್ಲಿ ನಾವು ಬರೆಯೋದು ಏನು ಗೊತ್ತಾ? "ಹಾಜರಾತಿ ಕಡಿಮೆ, ಪೋಷಕರಿಗೆ ತಿಳಿಸಲಾಗಿದೆ." ತಪಾಸಣಾ ಸಮಿತಿ ಬರೋ ಹಿಂದಿನ ವಾರ ಒಂದೇ ಪೆನ್ನಿನಲ್ಲಿ ಇಡೀ ವರ್ಷದ ಕೌನ್ಸೆಲಿಂಗ್ ಬರೆದು ಮುಗಿಸಿದ್ದನ್ನ ಕಣ್ಣಾರೆ ನೋಡಿದ್ದೀನಿ. ಸುಳ್ಳು ಯಾಕೆ ಹೇಳ್ಲಿ, ನಾನೂ ಬರೆದಿದ್ದೀನಿ.

ಇನ್ನೊಂದು ವಿಷಯ. ಈ ಮೆಂಟರ್ ಅನ್ನೋನೇ ಇಂಟರ್ನಲ್ ಮಾರ್ಕ್ಸ್ ಹಾಕೋನು, ಹಾಜರಿ ಕೂಗೋನು, ಅಪ್ಪನಿಗೆ ಫೋನ್ ಮಾಡೋನು. ಅಂಥವನ ಮುಂದೆ ಕೂತು ಯಾವ ಹುಡುಗ, ಯಾವ ಹುಡುಗಿ ತಲೆಯೊಳಗಿನ ಕತ್ತಲೆ ಬಿಚ್ಚಿಡ್ತಾರೆ? ನೀವು ನಿಮ್ಮ ಆಫೀಸಿನಲ್ಲಿ ಅಪ್ರೈಸಲ್ ಮಾಡೋ ಮ್ಯಾನೇಜರ್ ಹತ್ತಿರ ಹೋಗಿ "ನಂಗೆ ರಾತ್ರಿಯೆಲ್ಲ ಅಳು ಬರುತ್ತೆ" ಅಂತ ಹೇಳ್ತೀರಾ? ಹೇಳಲ್ಲ ತಾನೆ? ನಾವು ಹೇಳದೇ ಇದ್ದರೆ ಅದು ಜಾಣತನ. ಹುಡುಗರು ಹೇಳದಿದ್ದರೆ ಮಾತ್ರ ನಾಚಿಕೆ, ಅಜ್ಞಾನ!

ಆ ಎರಡು ವರ್ಷ ಅವರ ಸ್ಥಿತಿ ಹೇಗಿತ್ತು ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. 2020ರ ಮಾರ್ಚಿನಲ್ಲಿ ಹಾಸ್ಟೆಲಿನಿಂದ ಬ್ಯಾಗ್ ಹಿಡಿದು ಮನೆಗೆ ಹೋದವರಿಗೆ ಪರೀಕ್ಷೆ ಇದೆಯೋ ಇಲ್ಲವೋ ಅನ್ನೋದೇ ತಿಂಗಳುಗಟ್ಟಲೆ ಗೊತ್ತಿರಲಿಲ್ಲ. ಕೊನೇ ವರ್ಷದವರಿಗೆ ಸೆಪ್ಟೆಂಬರ್ ಒಳಗೆ ಪರೀಕ್ಷೆ ಆಗಲೇಬೇಕು ಅಂತ ಯುಜಿಸಿ ಜುಲೈ 6ಕ್ಕೆ ಹೇಳಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ ತೀರ್ಪು ಬಂದಿದ್ದು ಆಗಸ್ಟ್ 28ಕ್ಕೆ. ಇತ್ತ ಮನೇಲಿ ಅಪ್ಪನ ದುಡಿಮೆ ನಿಂತಿದೆ, ಇರೋ ಒಂದು ಫೋನಿಗೆ ತಂಗಿಯ ಕ್ಲಾಸೂ ಇದೆ. ಮಳೆಯಲ್ಲಿ ಮಗಳಿಗೆ ಕೊಡೆ ಹಿಡಿದು ನಿಂತ ದಕ್ಷಿಣ ಕನ್ನಡದ ಅಪ್ಪನ ಫೋಟೋ 2021ರಲ್ಲಿ ಬಂತಲ್ಲ, ನೆನಪಿದೆಯಾ? ಹತ್ತನೇ ಕ್ಲಾಸಿನ ಹುಡುಗಿ ರಸ್ತೆ ಬದಿ ಕೂತು ಪಾಠ ಕೇಳ್ತಿದ್ದಳು. ನಾವೆಲ್ಲ "ಎಂಥಾ ಅಪ್ಪ!" ಅಂತ ಕಣ್ಣು ಒರೆಸಿಕೊಂಡು ಶೇರ್ ಮಾಡಿದ್ವಿ. ಅವಳು ರಸ್ತೆಯಲ್ಲಿ ಯಾಕೆ ಕೂರಬೇಕಾಯ್ತು ಅಂತ ಎಷ್ಟು ಜನ ಕೇಳಿದ್ವಿ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದ ಪ್ರಕಾರ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 2019ರಲ್ಲಿ 10,335, 2020ರಲ್ಲಿ 12,526, 2021ರಲ್ಲಿ 13,089. ಇದೆಲ್ಲ ಕರೋನಾದಿಂದಲೇ ಆಯ್ತು ಅಂತ ಹೇಳೋಕಾಗಲ್ಲ, ಒಂದೊಂದು ಸಾವಿಗೂ ಹತ್ತು ಕಾರಣ ಇರುತ್ತೆ. ಆದರೆ "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲಪ್ಪ, ಈಗಿನವರು ಮೆದು" ಅನ್ನೋ ಹಿರಿಯರಿಗೆ ಒಂದು ಮಾತು. ಕರೋನಾಗೆ ಮುಂಚೆಯೇ, 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಗೊತ್ತಾಗಿದ್ದು ಏನು? ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆ ಇರೋರಲ್ಲಿ ನೂರಕ್ಕೆ ಸುಮಾರು 85 ಜನಕ್ಕೆ ಚಿಕಿತ್ಸೆಯೇ ಸಿಗ್ತಿರಲಿಲ್ಲ ಅಂತ. ನಮ್ಮ ಕಾಲದಲ್ಲಿ ಕಾಯಿಲೆ ಇರಲಿಲ್ಲ ಅಂತಲ್ಲ ಸ್ವಾಮಿ, ಹೆಸರಿರಲಿಲ್ಲ.

"ಸಣ್ಣ ಊರಿನ ಕಾಲೇಜು, ದುಡ್ಡೆಲ್ಲಿದೆ?" ಅನ್ನೋದು ಇನ್ನೊಂದು ವಾದ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಹಳ್ಳಿಯ ಹತ್ತಿರವೇ ಔಷಧಿ ಸಿಗೋ ಹಾಗೆ ಮಾಡಿ ತೋರಿಸಿದ್ದರು. ಅದೇ ಬಳ್ಳಾರಿ ಮಾದರಿ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. ಆಗಿನ ಬಳ್ಳಾರಿಯ ಹಳ್ಳೀಲಿ ಆಗಿದ್ದು, ಎಸಿ ಸೆಮಿನಾರ್ ಹಾಲ್ ಕಟ್ಟಿಸೋ ಕಾಲೇಜಿನಲ್ಲಿ ಆಗಲ್ಲ ಅಂದ್ರೆ ನಂಬಬೇಕಾ?

ಈಗ ಕೋರ್ಟೇ ಹೇಳಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರೋ ಶಿಕ್ಷಣ ಸಂಸ್ಥೆಗಳು ತರಬೇತಿ ಪಡೆದ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನಾದರೂ ನೇಮಿಸಬೇಕು ಅಂತ ನಿರ್ದೇಶನ ಕೊಟ್ಟಿದೆ. ನನ್ನ ಭಯ ಏನಂದ್ರೆ, ಇದಕ್ಕೂ ನಾವು ಒಂದು ಕಾಲಂ ಮಾಡಿ ಟಿಕ್ ಹಾಕಿಬಿಡ್ತೀವಿ. ಯಾವುದೋ ಮೇಡಂಗೆ ಎರಡು ದಿನದ ವರ್ಕ್‌ಶಾಪ್ ಮಾಡಿಸಿ, ಬಾಗಿಲಿಗೆ 'ಕೌನ್ಸೆಲರ್' ಅಂತ ಬೋರ್ಡು ಹಾಕಿ, ಆ ರೂಮಿನಲ್ಲೇ ಹಳೇ ಉತ್ತರ ಪತ್ರಿಕೆಗಳ ಗಂಟು ತುಂಬಿಸ್ತೀವಿ.

ಹಾಗಾಗಬಾರದು ಅಂದ್ರೆ ಇಷ್ಟಾದರೂ ಆಗಬೇಕು. ಕೌನ್ಸೆಲರ್ ಕೈಲಿ ಮಾರ್ಕ್ಸೂ ಇರಬಾರದು, ಹಾಜರಿ ಪುಸ್ತಕಾನೂ ಇರಬಾರದು. ಅಲ್ಲಿ ಆಡಿದ ಮಾತು ಪ್ರಾಣಕ್ಕೇ ಅಪಾಯ ಅನ್ನೋ ಹೊತ್ತು ಬಿಟ್ಟರೆ ಪ್ರಿನ್ಸಿಪಾಲರಿಗೂ ಹೋಗಬಾರದು, ಮನೆಗೂ ಹೋಗಬಾರದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನ ರೋಗಿಯ ಹಕ್ಕು ಅಂತಲೇ ಕರೆದಿದೆ. ಡೆಂಗ್ಯೂ ಬಂದವನಿಗೆ ಕೊಡೋ ಹಾಜರಾತಿ ರಿಯಾಯಿತಿ ಖಿನ್ನತೆ ಬಂದವನಿಗೂ ಸಿಗಬೇಕು. ಇನ್ನು, ಬಾಗಿಲು ಹಾಕಿಕೊಂಡು ಕೂತು ಮಾತಾಡೋಕೆ ಒಂದು ರೂಮು. ತೀರ್ಥಹಳ್ಳಿಯ ಹುಡುಗನಿಗೆ ಬೇಕಾಗಿದ್ದದ್ದು ಅಷ್ಟೇ.

ಅವನು ಆಮೇಲೆ ಹೇಗೆ ಸುಧಾರಿಸಿಕೊಂಡ ಅಂದ್ರೆ, ಯಾರೋ ಗೆಳೆಯ ಹೇಳಿ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದನಂತೆ. ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಇದೆ, ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರೆ. ಅಲ್ಲಿ ತೋರಿಸಿದ್ದಂತೆ. ಆ ಮಂಗಳವಾರದ ವಿಷಯ ಅವನ ಮೆಂಟರ್ ಆದ ನನಗೇ ಗೊತ್ತಿರಲಿಲ್ಲ! ಟೆಲಿ ಮಾನಸ್ ಶುರುವಾಗಿದ್ದು 2022ರ ಅಕ್ಟೋಬರಿನಲ್ಲಿ, ನಂಬರು 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬರೆದಿಟ್ಟುಕೊಳ್ಳಿ. ಆದರೆ ನನ್ನ ಹಾಗೆ ಬರೀ ಫಾರ್ವರ್ಡ್ ಮಾಡಬೇಡಿ. "ಎಲ್ಲಿ ನಿಂತು ಮಾತಾಡ್ತೀಯಾ? ನಮ್ಮನೆಗೆ ಬರ್ತೀಯಾ?" ಅಂತ ಕೇಳಿ.

ಬಸ್ ಹೊರಡೋ ಮುಂಚೆ ಅವನಿಗೆ ಸಾರಿ ಕಣೋ ಅಂದೆ. "ಪರವಾಗಿಲ್ಲ ಸಾರ್, ನೀವು ರಿಪ್ಲೈ ಆದ್ರೂ ಮಾಡಿದ್ರಿ" ಅಂದ. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಇದನ್ನ ಓದೋರಲ್ಲಿ ಮೇಷ್ಟ್ರುಗಳಿದ್ದೀರಿ, ಕಾಲೇಜಿಗೆ ಹೋಗೋ ಮಕ್ಕಳಿರೋರಿದ್ದೀರಿ. ನಿಮ್ಮ ಕಾಲೇಜಿನ ಕೌನ್ಸೆಲರ್ ಯಾರು, ಎಲ್ಲಿ ಕೂರ್ತಾರೆ, ಬೇರೆ ಯಾವ ಕೆಲಸ ಮಾಡ್ತಾರೆ ಅಂತ ಈ ವಾರ ಒಂದು ಸಲ ಹೋಗಿ ನೋಡಿ. ನೋಡಿದ್ದನ್ನ ನಿಮ್ಮ ನಿಮ್ಮ ಬ್ಲಾಗಿನಲ್ಲಿ ಬರೀರಿ. ನಾನು ತಪ್ಪು ಹೇಳಿದ್ದರೆ ಕಾಮೆಂಟಿನಲ್ಲಿ ಜಗಳಕ್ಕೆ ಬನ್ನಿ, ಸೋಲೋಕೆ ರೆಡಿ ಇದ್ದೀನಿ. ಈ ವಿಷಯದಲ್ಲಿ ಸೋತರೆ ನನಗೇ ಖುಷಿ.